ಟೋಪಿ ಮುದ್ರಣಕ್ಕೆ ಹೀಟ್ ಪ್ರೆಸ್: ಯಂತ್ರದ ಬೆಲೆಗಿಂತ ಹಾಳಾದ ಮಾಲಿನ ಲೆಕ್ಕ ಮುಖ್ಯ

ಶಾಲಾ ಕ್ರೀಡಾಕೂಟ, ಮ್ಯಾರಥಾನ್ ಓಟ, ಕಂಪನಿಗಳ ವಾರ್ಷಿಕ ದಿನಾಚರಣೆ, ಕ್ರಿಕೆಟ್ ಪಂದ್ಯಾವಳಿ, ಚುನಾವಣಾ ಪ್ರಚಾರ ಮುಂತಾದ ಸಂದರ್ಭಗಳಲ್ಲಿ ಲಾಂಛನ ಮುದ್ರಿಸಿದ ಟೋಪಿಗಳಿಗೆ ಬೇಡಿಕೆ ಇರುತ್ತದೆ. ಈ ಬೇಡಿಕೆಯ ಸ್ವರೂಪ ವಿಶಿಷ್ಟವಾದುದು. ಆದೇಶ ಬರುವುದು ತಡವಾಗಿ, ಮಾಲು ಬೇಕಾಗುವುದು ತುರ್ತಾಗಿ, ಸಂಖ್ಯೆ ಕೆಲವೊಮ್ಮೆ ಐವತ್ತು, ಕೆಲವೊಮ್ಮೆ ಐದು ಸಾವಿರ. ಕಸೂತಿ ಯಂತ್ರಕ್ಕೆ ಬೇಕಾಗುವ ದೊಡ್ಡ ಬಂಡವಾಳವಿಲ್ಲದೆ ಈ ಮಾರುಕಟ್ಟೆಯನ್ನು ಪ್ರವೇಶಿಸಲು ಸಣ್ಣ ಉದ್ಯಮಿಗಳಿಗೆ ಲಭ್ಯವಿರುವ ಸುಲಭ ಸಾಧನವೆಂದರೆ ಟೋಪಿಗೆಂದೇ ರೂಪಿಸಿದ ಹೀಟ್ ಪ್ರೆಸ್ ಯಂತ್ರ. ಟೀ ಶರ್ಟ್ ಮುದ್ರಣ, ಉಡುಗೊರೆ ವಸ್ತುಗಳ ವ್ಯಾಪಾರ, ಫ್ಲೆಕ್ಸ್ ಮತ್ತು ಸ್ಟಿಕ್ಕರ್ ತಯಾರಿಕೆಯಲ್ಲಿ ತೊಡಗಿರುವ ಅನೇಕರು ಇದನ್ನು ಪೂರಕ ಉದ್ಯೋಗವಾಗಿ ಆರಂಭಿಸುತ್ತಾರೆ.

ಯಂತ್ರ ಚಿಕ್ಕದು, ಬೆಲೆ ಅಲ್ಪ, ಕಲಿಕೆ ಸುಲಭ ಎಂಬ ಕಾರಣಕ್ಕೆ ಖರೀದಿಯ ನಿರ್ಧಾರವನ್ನು ಹೆಚ್ಚಿನವರು ಬೆಲೆಪಟ್ಟಿ ನೋಡಿಯೇ ಕೈಗೊಳ್ಳುತ್ತಾರೆ. ಆದರೆ ಈ ಉದ್ಯೋಗದಲ್ಲಿ ಲಾಭ ನಷ್ಟವನ್ನು ನಿರ್ಧರಿಸುವ ಅಂಶ ಬೇರೆಯೇ ಇದೆ. ನೂರು ಟೋಪಿ ಒತ್ತಿದಾಗ ಎಷ್ಟು ಟೋಪಿ ಹಾಳಾಗುತ್ತವೆ ಎಂಬುದೇ ಅದು. ಯಂತ್ರದ ಆಯ್ಕೆ, ಬಳಕೆಯ ಕ್ರಮ, ಗ್ರಾಹಕರೊಂದಿಗಿನ ಒಪ್ಪಂದ ಈ ಮೂರನ್ನೂ ಈ ಒಂದು ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಅಗತ್ಯ.

ಒಂದು ಆದೇಶದ ವೆಚ್ಚ

ವಿಷಯವನ್ನು ಅಂಕಿಗಳ ಮೂಲಕ ನೋಡೋಣ. ಕೆಳಗಿನ ದರಗಳೆಲ್ಲ ಉದಾಹರಣೆಗಾಗಿ ಭಾವಿಸಿಕೊಂಡವು. ಪ್ರತಿ ಉದ್ಯಮಿಯೂ ತನ್ನ ಊರಿನ ದರಗಳನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಬೇಕು.

ಗ್ರಾಹಕರೊಬ್ಬರು ತಾವೇ 1,000 ಟೋಪಿಗಳನ್ನು ಒದಗಿಸಿ, ಮುಂಭಾಗದಲ್ಲಿ ಲಾಂಛನ ಒತ್ತಿಕೊಡಲು ಟೋಪಿಯೊಂದಕ್ಕೆ ₹18 ಕೂಲಿ ನೀಡಲು ಒಪ್ಪಿದ್ದಾರೆ ಎಂದು ಭಾವಿಸೋಣ. ಹಾಳಾದ ಟೋಪಿಗೆ ಬದಲಿ ಟೋಪಿ ಕೊಡುವ ಹೊಣೆ ಮುದ್ರಕನದು. ಅದರ ಮಾರುಕಟ್ಟೆ ಬೆಲೆ ₹70. ಒಂದು ಟೋಪಿಗೆ ತಗಲುವ ವೆಚ್ಚ ಹೀಗಿದೆ:

ಮುದ್ರಿತ ಟ್ರಾನ್ಸ್‌ಫರ್ ಫಿಲ್ಮ್ – ₹5.00
ಕೆಲಸಗಾರರ ಕೂಲಿ (ಗಂಟೆಗೆ 40 ಟೋಪಿ, ಗಂಟೆಗೆ ₹80) – ₹2.00
ವಿದ್ಯುತ್ – ₹0.10
ದಾರ ಕತ್ತರಿಸುವುದು, ಪ್ಯಾಕಿಂಗ್ – ₹1.00
ಯಂತ್ರದ ಪಾಲು (₹30,000 ಬೆಲೆ, 60,000 ಟೋಪಿಗಳಿಗೆ ಹಂಚಿದಾಗ) – ₹0.50
ಬಾಡಿಗೆ ಮತ್ತು ಇತರೆ – ₹3.00
ಒಟ್ಟು – ₹11.60

ಒಂದು ಟೋಪಿಯೂ ಹಾಳಾಗದಿದ್ದರೆ ಉಳಿತಾಯ ಟೋಪಿಗೆ ₹6.40, ಒಟ್ಟು ಆದೇಶಕ್ಕೆ ₹6,400. ಇನ್ನು ಹಾಳಾದ ಪ್ರತಿ ಟೋಪಿಯ ಹೊರೆಯನ್ನು ಗಮನಿಸಬೇಕು. ಬದಲಿ ಟೋಪಿಗೆ ₹70 ಮತ್ತು ಅದನ್ನು ಮತ್ತೊಮ್ಮೆ ಒತ್ತಲು ₹11.60, ಅಂದರೆ ₹81.60. ಶೇಕಡಾ 2ರಷ್ಟು ಹಾಳಾದರೆ ₹1,632 ಹೋಗಿ ₹4,768 ಉಳಿಯುತ್ತದೆ. ಶೇಕಡಾ 5ರಷ್ಟು ಹಾಳಾದರೆ ಉಳಿಯುವುದು ₹2,320. ಶೇಕಡಾ 8ಕ್ಕೆ ತಲುಪಿದರೆ ₹128 ಕೈಯಿಂದ ಹೋಗುತ್ತದೆ. ಸಾವಿರದಲ್ಲಿ 78 ಟೋಪಿ ಹಾಳಾದೊಡನೆ ಮೂರು ದಿನದ ದುಡಿಮೆಯ ಲಾಭವೆಲ್ಲ ಕರಗಿಹೋಗುತ್ತದೆ.

ಇದೇ ಲೆಕ್ಕದಲ್ಲಿ ಯಂತ್ರದ ಪಾಲು ಎಷ್ಟು ಅಲ್ಪವೆಂಬುದನ್ನೂ ಕಾಣಬಹುದು. ಯಂತ್ರ ಪುಕ್ಕಟೆಯಾಗಿ ದೊರೆತರೂ ಈ ಆದೇಶದಲ್ಲಿ ಹೆಚ್ಚಿಗೆ ಉಳಿಯುವುದು ₹500 ಮಾತ್ರ. ಆರು ಟೋಪಿ ಹಾಳಾದರೆ ಸುಮಾರು ಅಷ್ಟೇ ಹಣ ಹೊರಟುಹೋಗುತ್ತದೆ.

ಟೋಪಿಗಳು ಹಾಳಾಗುವುದೇಕೆ?

ಟೀ ಶರ್ಟ್ ಸಮತಟ್ಟಾದ ಬಟ್ಟೆ. ಟೋಪಿ ಹಾಗಲ್ಲ. ಅದರ ಮುಂಭಾಗ ಎರಡು ದಿಕ್ಕಿನಲ್ಲಿ ಬಾಗಿರುತ್ತದೆ. ಒಳಗೆ ಬಕ್ರಂ, ಬುಡದಲ್ಲಿ ಬೆವರು ಹೀರುವ ಒಳಪಟ್ಟಿ, ಮಧ್ಯದಲ್ಲಿ ಹೊಲಿಗೆ ಇರುತ್ತವೆ. ಆರು ತುಂಡುಗಳ ಟೋಪಿಯಲ್ಲಿ ಈ ಹೊಲಿಗೆ ಸರಿಯಾಗಿ ಲಾಂಛನದ ನಡುವೆ ಬರುತ್ತದೆ. ಅಲ್ಲಿ ಉಬ್ಬು ಇರುವುದರಿಂದ ಅದರ ಎರಡೂ ಬದಿಗೆ ಒತ್ತಡ ತಲುಪದೆ ಫಿಲ್ಮ್ ಏಳುತ್ತದೆ ಅಥವಾ ಬಿರುಕು ಬಿಡುತ್ತದೆ. ಐದು ತುಂಡುಗಳ ಟೋಪಿಯಲ್ಲಿ ಮುಂಭಾಗ ಒಂದೇ ತುಂಡಾಗಿರುವುದರಿಂದ ಈ ತೊಂದರೆ ಇರುವುದಿಲ್ಲ. ಟೋಪಿಯ ಆಯ್ಕೆ ಇನ್ನೂ ಆಗಿರದಿದ್ದರೆ ಗ್ರಾಹಕರಿಗೆ ಐದು ತುಂಡುಗಳ ಮಾದರಿಯನ್ನೇ ಸೂಚಿಸುವುದು ಒಳ್ಳೆಯದು.

ಎರಡನೆಯ ಕಾರಣ ಬಟ್ಟೆ. ಹತ್ತಿ ಬಟ್ಟೆ ಶಾಖವನ್ನು ತಾಳಿಕೊಳ್ಳುತ್ತದೆ. ಬಣ್ಣ ಹಾಕಿದ ಪಾಲಿಯೆಸ್ಟರ್ ಬಟ್ಟೆಯಲ್ಲಿ ಶಾಖ ಹೆಚ್ಚಾದರೆ ಬಟ್ಟೆಯ ಬಣ್ಣವೇ ಆವಿಯಾಗಿ ಮೇಲಿನ ಫಿಲ್ಮಿಗೆ ಏರುತ್ತದೆ. ಕೆಂಪು ಟೋಪಿಯ ಮೇಲಿನ ಬಿಳಿ ಅಕ್ಷರ ನಸುಗೆಂಪಾಗುವುದು ಇದರಿಂದಲೇ. ಈ ದೋಷ ಒತ್ತಿದ ಕೂಡಲೇ ಕಾಣದೆ ಒಂದೆರಡು ದಿನಗಳ ನಂತರ, ಮಾಲು ಗ್ರಾಹಕರ ಕೈ ಸೇರಿದ ಮೇಲೆ ಕಾಣಿಸಿಕೊಳ್ಳಬಹುದು. ಆಗ ಹಾಳಾಗಿರುವುದು ನಾಲ್ಕಾರು ಟೋಪಿಯಲ್ಲ, ಇಡೀ ಆದೇಶ. ಮುಂಭಾಗದಲ್ಲಿ ಫೋಮ್ ಇರುವ ಟೋಪಿಗಳಲ್ಲಿ ಅತಿ ಶಾಖ ಮತ್ತು ಒತ್ತಡದಿಂದ ಫೋಮ್ ಚಪ್ಪಟೆಯಾಗಿ ಯಂತ್ರದ ಅಂಚಿನ ಗುರುತು ಉಳಿಯುತ್ತದೆ. ನೈಲಾನ್ ಮತ್ತು ಅಕ್ರಿಲಿಕ್ ಬಟ್ಟೆಗಳು ಮುದುಡುವ ಸಾಧ್ಯತೆ ಇದೆ.

ಮುದ್ರಣ ವಿಧಾನಗಳು

ಯಂತ್ರ ಕೊಳ್ಳುವ ಮೊದಲು ಯಾವ ವಿಧಾನದ ಕೆಲಸ ಹೆಚ್ಚು ಬರುತ್ತದೆಂದು ನಿಶ್ಚಯಿಸಿಕೊಳ್ಳಬೇಕು. ಮುಖ್ಯವಾಗಿ ಮೂರು ವಿಧಾನಗಳು ಬಳಕೆಯಲ್ಲಿವೆ.

ಮೊದಲನೆಯದು ವಿನೈಲ್. ಬಣ್ಣದ ಹಾಳೆಯನ್ನು ಪ್ಲಾಟರಿನಲ್ಲಿ ಕತ್ತರಿಸಿ ಒತ್ತುವುದು. ಒಂದೇ ಬಣ್ಣದ ಅಕ್ಷರ, ಹೆಸರು, ಸಂಖ್ಯೆಗಳಿಗೆ ಮತ್ತು ಕಡಿಮೆ ಪ್ರಮಾಣದ ಆದೇಶಗಳಿಗೆ ಸೂಕ್ತ. ಸಾಮಾನ್ಯವಾಗಿ 150ರಿಂದ 160 ಡಿಗ್ರಿ ಸೆಲ್ಸಿಯಸ್ ಶಾಖ, 10ರಿಂದ 15 ಸೆಕೆಂಡ್ ಸಾಕು. ಪಾಲಿಯೆಸ್ಟರಿಗಾಗಿ ಇನ್ನೂ ಕಡಿಮೆ ಶಾಖದಲ್ಲಿ ಅಂಟುವ ವಿನೈಲ್ ಸಹ ದೊರೆಯುತ್ತದೆ.

ಎರಡನೆಯದು ಸಬ್ಲಿಮೇಷನ್. ಇಲ್ಲಿ ಶಾಯಿ ಆವಿಯಾಗಿ ಬಟ್ಟೆಯ ಎಳೆಯೊಳಗೆ ಸೇರುವುದರಿಂದ ಕೈಗೆ ಪದರ ಸಿಗುವುದಿಲ್ಲ, ತೊಳೆದರೂ ಹೋಗುವುದಿಲ್ಲ. ಆದರೆ ಬಿಳಿ ಅಥವಾ ತಿಳಿ ಬಣ್ಣದ ಪಾಲಿಯೆಸ್ಟರಿಗೆ ಮಾತ್ರ ಇದು ಹೊಂದುತ್ತದೆ. 190ರಿಂದ 200 ಡಿಗ್ರಿ ಶಾಖ ಮತ್ತು 45ರಿಂದ 60 ಸೆಕೆಂಡ್ ಅವಧಿ ಬೇಕು.

ಮೂರನೆಯದು ಡಿಟಿಎಫ್. ಫಿಲ್ಮಿನ ಮೇಲೆ ಬಣ್ಣದ ಚಿತ್ರವನ್ನೂ ಅದರ ಮೇಲೆ ಬಿಳಿ ಶಾಯಿಯನ್ನೂ ಮುದ್ರಿಸಿ, ಅಂಟಿನ ಪುಡಿ ಹಾಯಿಸಿ ಒಣಗಿಸಿದ ಹಾಳೆ ಇದು. ಹತ್ತಿ, ಪಾಲಿಯೆಸ್ಟರ್, ತಿಳಿ ಬಣ್ಣ, ಗಾಢ ಬಣ್ಣ ಎಲ್ಲಕ್ಕೂ ಅಂಟುತ್ತದೆ. 150 ಡಿಗ್ರಿಯ ಆಸುಪಾಸಿನಲ್ಲಿ 10ರಿಂದ 15 ಸೆಕೆಂಡ್ ಒತ್ತಬೇಕು. ಮುದ್ರಿತ ಫಿಲ್ಮನ್ನು ಮೀಟರ್ ಲೆಕ್ಕದಲ್ಲಿ ಹೊರಗಿನಿಂದ ಕೊಳ್ಳಬಹುದಾದ್ದರಿಂದ ಆರಂಭದಲ್ಲಿ ಮುದ್ರಕ ಯಂತ್ರಕ್ಕೆ ಬಂಡವಾಳ ಹೂಡುವ ಅಗತ್ಯವಿಲ್ಲ. ಸಣ್ಣ ಘಟಕಗಳಿಗೆ ಇದು ದೊಡ್ಡ ಅನುಕೂಲ.

ಇಲ್ಲಿ ನೀಡಿದ ಶಾಖ ಮತ್ತು ಅವಧಿ ಸಾಮಾನ್ಯ ಮಿತಿಗಳು. ಫಿಲ್ಮ್ ಸರಬರಾಜುದಾರರು ಕೊಡುವ ಸೂಚನೆಯೇ ಅಂತಿಮ.

ಯಂತ್ರದ ಆಯ್ಕೆಯಲ್ಲಿ ನೋಡಬೇಕಾದ ಅಂಶಗಳು

ಮಗ್, ತಟ್ಟೆ, ಟೋಪಿ, ಟೀ ಶರ್ಟ್ ಎಲ್ಲವನ್ನೂ ಒತ್ತುವ ಐದು ಅಥವಾ ಎಂಟು ಬಗೆಯ ಜೋಡಣೆಗಳಿರುವ ಸಂಯುಕ್ತ ಯಂತ್ರಗಳು ಮಾರುಕಟ್ಟೆಯಲ್ಲಿವೆ. ದಿನಕ್ಕೆ ನಾಲ್ಕಾರು ಟೋಪಿ ಒತ್ತುವ ಉಡುಗೊರೆ ಅಂಗಡಿಗೆ ಇವು ಸಾಕು. ಪ್ರತಿ ಸಲ ಜೋಡಣೆ ಬದಲಿಸುವಾಗ ಸಮಯ ವ್ಯರ್ಥವಾಗುವುದಲ್ಲದೆ ವಿದ್ಯುತ್ ಸಂಪರ್ಕದ ತುದಿಗಳು ಸಡಿಲವಾಗುವುದರಿಂದ ನೂರಾರು ಸಂಖ್ಯೆಯ ಆದೇಶಗಳಿಗೆ ಪ್ರತ್ಯೇಕ ಟೋಪಿ ಯಂತ್ರವೇ ಸೂಕ್ತ. ಅಂತಹ ಯಂತ್ರದಲ್ಲಿ ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು.

1. ಕೆಳ ಅಚ್ಚು. ಟೋಪಿಯನ್ನು ಕೂರಿಸುವ ಬಾಗಿದ ಅಚ್ಚಿನ ಆಕಾರ ಟೋಪಿಯ ಬಾಗಿಗೆ ಹೊಂದದಿದ್ದರೆ ಅಂಚುಗಳಲ್ಲಿ ಒತ್ತಡ ಬೀಳುವುದಿಲ್ಲ. ಎತ್ತರದ ಟೋಪಿ, ತಗ್ಗಿನ ಟೋಪಿ, ಮಕ್ಕಳ ಟೋಪಿ ಇವುಗಳ ಬಾಗು ಬೇರೆ ಬೇರೆ. ಆದ್ದರಿಂದ ಕೆಳ ಅಚ್ಚನ್ನು ಬದಲಿಸಬಹುದಾದ ಯಂತ್ರಕ್ಕೆ ಆದ್ಯತೆ ನೀಡಬೇಕು.

2. ಹಿಡಿತ. ಟೋಪಿಯನ್ನು ಹಿಂದಕ್ಕೆ ಎಳೆದು ಅಚ್ಚಿನ ಮೇಲೆ ಸುಕ್ಕಿಲ್ಲದೆ ಬಿಗಿಹಿಡಿಯುವ ಸನ್ನೆ ಅಥವಾ ಪಟ್ಟಿ ಇರಬೇಕು. ಇದಿಲ್ಲದ ಯಂತ್ರದಲ್ಲಿ ಕೆಲಸಗಾರ ಕೈಯಿಂದ ಎಳೆದು ಹಿಡಿಯಬೇಕಾಗುತ್ತದೆ. ಲಾಂಛನ ಓರೆಯಾಗುವುದಕ್ಕೂ ಕೈ ಸುಡುವುದಕ್ಕೂ ಇದು ದಾರಿ.

3. ಸಮಾನ ಒತ್ತಡ. ಅಂಗಡಿಯಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಯೊಂದಿದೆ. ಯಂತ್ರ ತಣ್ಣಗಿರುವಾಗ ಅಚ್ಚಿನ ನಾಲ್ಕು ಮೂಲೆ ಮತ್ತು ನಡುವೆ ಕಾಗದದ ಚೂರುಗಳನ್ನಿಟ್ಟು ಮುಚ್ಚಿ, ಒಂದೊಂದಾಗಿ ಎಳೆಯಬೇಕು. ಎಲ್ಲ ಚೂರುಗಳೂ ಸಮನಾಗಿ ಬಿಗಿಯಾಗಿದ್ದರೆ ಒತ್ತಡ ಸರಿಯಾಗಿದೆ. ಒಂದು ಮೂಲೆಯ ಚೂರು ಸಲೀಸಾಗಿ ಹೊರಬಂದರೆ ಆ ಮೂಲೆಯಲ್ಲಿ ಫಿಲ್ಮ್ ಅಂಟುವುದಿಲ್ಲ.

4. ಸಮಾನ ಶಾಖ. ಪರದೆಯಲ್ಲಿ 150 ಎಂದು ತೋರಿದ ಮಾತ್ರಕ್ಕೆ ಫಲಕದ ಎಲ್ಲೆಡೆ 150 ಡಿಗ್ರಿ ಇರುತ್ತದೆಂದು ಹೇಳಲಾಗದು. ತಂತಿಯ ತುದಿಯಿರುವ ಉಷ್ಣಮಾಪಕ ಅಥವಾ ಶಾಖಕ್ಕೆ ಬಣ್ಣ ಬದಲಿಸುವ ಪಟ್ಟಿಯಿಂದ ಐದು ಸ್ಥಳಗಳಲ್ಲಿ ಅಳೆದು ನೋಡಬೇಕು. ಹೊಳೆಯುವ ಲೋಹದ ಮೇಲೆ ಇನ್‌ಫ್ರಾರೆಡ್ ಗನ್ ತಪ್ಪು ಅಳತೆ ತೋರಿಸುವ ಸಂಭವವಿದೆ.

5. ತಾನಾಗಿ ತೆರೆಯುವ ವ್ಯವಸ್ಥೆ. ಅವಧಿ ಮುಗಿದಾಗ ಗಂಟೆ ಬಾರಿಸುವ ಯಂತ್ರಕ್ಕಿಂತ ತಾನೇ ತೆರೆದುಕೊಳ್ಳುವ ಯಂತ್ರ ಮೇಲು. ಕೆಲಸಗಾರ ಬೇರೆಡೆ ಗಮನ ಹರಿಸಿದರೂ ಟೋಪಿ ಸುಡುವುದಿಲ್ಲ.

6. ಬಿಡಿಭಾಗಗಳು. ಹೀಟರ್, ಸಿಲಿಕೋನ್ ಪ್ಯಾಡ್, ಶಾಖ ನಿಯಂತ್ರಕ ಇವು ಸವೆಯುವ ಭಾಗಗಳು. ಇವು ಎಷ್ಟು ದಿನದಲ್ಲಿ ದೊರೆಯುತ್ತವೆ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯಬೇಕು.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚಿನ ಚಿಂತೆ ಬೇಡ. ಟೋಪಿ ಯಂತ್ರಗಳು ಸಾಮಾನ್ಯವಾಗಿ 500ರಿಂದ 600 ವಾಟ್ ಸಾಮರ್ಥ್ಯದವು. 230 ವೋಲ್ಟಿನಲ್ಲಿ 3 ಆಂಪಿಯರಿಗಿಂತ ಕಡಿಮೆ. ಆದರೆ ದೊಡ್ಡ ಟೀ ಶರ್ಟ್ ಯಂತ್ರದೊಂದಿಗೆ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋಡಿಸಬಾರದು. ಅರ್ಥಿಂಗ್ ಕಡ್ಡಾಯವಾಗಿ ಇರಬೇಕು.

ಹೆಚ್ಚು ಬೆಲೆಯ ಯಂತ್ರ ಯಾವಾಗ ಲಾಭಕರ?

₹15,000 ಬೆಲೆಯ ಸಾಧಾರಣ ಯಂತ್ರ ಮತ್ತು ₹45,000 ಬೆಲೆಯ ಉತ್ತಮ ಯಂತ್ರ ಎದುರಿಗಿವೆ ಎಂದುಕೊಳ್ಳೋಣ. ಮೊದಲನೆಯದರಲ್ಲಿ ಶೇಕಡಾ 5, ಎರಡನೆಯದರಲ್ಲಿ ಶೇಕಡಾ 2 ಟೋಪಿಗಳು ಹಾಳಾಗುತ್ತವೆ ಎಂದು ಭಾವಿಸಿದರೆ, ಹಿಂದಿನ ದರದಂತೆ ಉಳಿತಾಯ ಟೋಪಿಗೆ ಸುಮಾರು ₹2.45. ಹೆಚ್ಚುವರಿ ₹30,000 ಮರಳಿ ಬರಲು ಸುಮಾರು 12,250 ಟೋಪಿ ಒತ್ತಬೇಕು. ತಿಂಗಳಿಗೆ 1,200 ಟೋಪಿ ಒತ್ತುವ ಘಟಕಕ್ಕೆ ಇದು ಹತ್ತು ತಿಂಗಳ ಮಾತು. ಉತ್ತಮ ಯಂತ್ರವನ್ನೇ ಕೊಳ್ಳಬೇಕು. ವರ್ಷಕ್ಕೆ 3,000 ಟೋಪಿ ಮಾತ್ರ ಒತ್ತುವವರಿಗೆ ನಾಲ್ಕು ವರ್ಷ ಹಿಡಿಯುತ್ತದೆ. ಅವರು ಸಾಧಾರಣ ಯಂತ್ರದಲ್ಲಿಯೇ ಎಚ್ಚರಿಕೆಯಿಂದ ದುಡಿಯಬಹುದು, ಅಥವಾ ಕೆಲಸವನ್ನು ಹೊರಗೆ ಕೊಟ್ಟು ಮಾಡಿಸಬಹುದು.

ಆದೇಶ ಹೆಚ್ಚಾದಾಗ ಎರಡನೆಯ ಯಂತ್ರ ಕೊಳ್ಳುವ ಯೋಚನೆ ಸಹಜವಾಗಿ ಬರುತ್ತದೆ. ಇಲ್ಲಿಯೂ ಲೆಕ್ಕ ಬೇಕು. ಗಂಟೆಗೆ 40 ಟೋಪಿ ಎಂದರೆ ಟೋಪಿಗೆ 90 ಸೆಕೆಂಡ್. ಡಿಟಿಎಫ್ ವಿಧಾನದಲ್ಲಿ ಅದರಲ್ಲಿ ಯಂತ್ರ ಮುಚ್ಚಿರುವ ಅವಧಿ 25 ಸೆಕೆಂಡಿಗಿಂತ ಹೆಚ್ಚಿಲ್ಲ. ಉಳಿದದ್ದು ಟೋಪಿ ಕೂರಿಸುವ, ಫಿಲ್ಮ್ ಇಡುವ, ಸಿಪ್ಪೆ ತೆಗೆಯುವ ಕೈಕೆಲಸ. ಆದ್ದರಿಂದ ಇನ್ನೊಂದು ಯಂತ್ರಕ್ಕಿಂತ ಒಬ್ಬ ಸಹಾಯಕನಿಂದ ಉತ್ಪಾದನೆ ಹೆಚ್ಚುತ್ತದೆ. ಯಂತ್ರ ಒಂದು ನಿಮಿಷದವರೆಗೆ ಮುಚ್ಚಿರುವ ಸಬ್ಲಿಮೇಷನ್ ಕೆಲಸದಲ್ಲಿ ಮಾತ್ರ ಎರಡನೆಯ ಯಂತ್ರ ನಿಜವಾದ ಉಪಯೋಗಕ್ಕೆ ಬರುತ್ತದೆ.

ಬಳಕೆಯ ಕ್ರಮ

ಯಂತ್ರವನ್ನು ಕನಿಷ್ಠ 15 ನಿಮಿಷ ಮೊದಲೇ ಕಾಯಿಸಬೇಕು. ಕೆಳ ಅಚ್ಚು ತಣ್ಣಗಿದ್ದಾಗ ಒತ್ತಿದ ಮೊದಲ ಹತ್ತಿಪ್ಪತ್ತು ಟೋಪಿಗಳಲ್ಲಿ ಫಿಲ್ಮ್ ಸರಿಯಾಗಿ ಅಂಟದಿರುವುದು ಸಾಮಾನ್ಯ ದೋಷ.

ಟೋಪಿಯ ಒಳಪಟ್ಟಿಯನ್ನು ಹೊರಕ್ಕೆ ಮಡಚಿ ನಂತರವೇ ಅಚ್ಚಿನ ಮೇಲೆ ಕೂರಿಸಬೇಕು. ಪಟ್ಟಿ ಒಳಗೇ ಉಳಿದರೆ ಆ ದಪ್ಪದಿಂದಾಗಿ ಮೇಲ್ಭಾಗಕ್ಕೆ ಒತ್ತಡ ಸಿಗುವುದಿಲ್ಲ. ಬಳಿಕ ಫಿಲ್ಮ್ ಇಡದೆ 3ರಿಂದ 5 ಸೆಕೆಂಡ್ ಒತ್ತಿ ತೇವಾಂಶ ತೆಗೆಯಬೇಕು. ಮಳೆಗಾಲದಲ್ಲಿ, ವಿಶೇಷವಾಗಿ ಕರಾವಳಿ ಮತ್ತು ಮಲೆನಾಡಿನ ಘಟಕಗಳಲ್ಲಿ, ಈ ಹಂತವನ್ನು ಬಿಡಲೇಬಾರದು.

ಲಾಂಛನದ ಎತ್ತರ ಸಾಮಾನ್ಯ ಟೋಪಿಗೆ 5ರಿಂದ 6 ಸೆಂಟಿಮೀಟರ್ ಮೀರದಿರುವುದು ಕ್ಷೇಮ. ಅಂಚುಹಾಳೆಯ ಹೊಲಿಗೆಯಿಂದ ಒಂದು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಬಿಡಬೇಕು. ಅಲ್ಲಿ ಮೇಲಿನ ಫಲಕ ತಲುಪುವುದಿಲ್ಲ. ಫಿಲ್ಮನ್ನು ನಡುಗೆರೆಗೆ ಸರಿಹೊಂದಿಸಿ ಶಾಖನಿರೋಧಕ ಟೇಪಿನಿಂದ ಹಿಡಿಸಿ, ಟೆಫ್ಲಾನ್ ಹಾಳೆ ಹೊದಿಸಿ ಒತ್ತಬೇಕು. ಫಿಲ್ಮಿನ ಜಾತಿಗೆ ತಕ್ಕಂತೆ ಬಿಸಿಯಿರುವಾಗ ಅಥವಾ ತಣ್ಣಗಾದ ಮೇಲೆ ಸಿಪ್ಪೆ ತೆಗೆಯಬೇಕು. ಇದನ್ನು ತಿರುವುಮುರುವು ಮಾಡಿದರೆ ಚಿತ್ರ ಹರಿಯುತ್ತದೆ. ಕೊನೆಗೆ ಹಾಳೆ ಹೊದಿಸಿ ಇನ್ನೊಮ್ಮೆ 5 ಸೆಕೆಂಡ್ ಒತ್ತಿದರೆ ಅಂಚುಗಳು ಭದ್ರವಾಗುತ್ತವೆ.

ಹೊಸ ಬಟ್ಟೆ, ಹೊಸ ಬಣ್ಣ ಅಥವಾ ಹೊಸ ಫಿಲ್ಮ್ ಬಂದಾಗಲೆಲ್ಲ ಎರಡು ಮೂರು ಟೋಪಿಗಳನ್ನು ಪ್ರಯೋಗಕ್ಕಾಗಿ ಒತ್ತಬೇಕು. ಒಂದನ್ನು ತೊಳೆದು ನೋಡಬೇಕು. ಪಾಲಿಯೆಸ್ಟರ್ ಆಗಿದ್ದರೆ ಇನ್ನೊಂದನ್ನು ಎರಡು ದಿನ ಹಾಗೆಯೇ ಇಟ್ಟು ಬಣ್ಣ ಏರುವುದೇ ಎಂದು ಗಮನಿಸಬೇಕು. ಅವಸರದ ಆದೇಶದಲ್ಲಿ ಈ ಎರಡು ದಿನ ದುಬಾರಿಯೆನಿಸಬಹುದು. ಸಾವಿರ ಟೋಪಿ ಮರಳಿ ಬರುವ ಅಪಾಯದ ಮುಂದೆ ಅದು ಅಲ್ಪ. ಆದೇಶ ಖಚಿತವಾಗುವ ಮೊದಲೇ, ದರಪಟ್ಟಿ ಕೊಡುವಾಗಲೇ ಮಾದರಿ ಟೋಪಿ ಕೇಳಿ ಪಡೆದರೆ ಈ ಅವಧಿ ತಾನಾಗಿ ಸಿಗುತ್ತದೆ.

ಒಂದು ಪುಸ್ತಕ, ಒಂದು ಷರತ್ತು

ಯಂತ್ರದ ಪಕ್ಕದಲ್ಲಿ ಒಂದು ದಾಖಲೆ ಪುಸ್ತಕ ಇರಬೇಕು. ದಿನಾಂಕ, ಟೋಪಿಯ ಬಗೆ, ಬಟ್ಟೆ, ಬಣ್ಣ, ಶಾಖ, ಅವಧಿ, ಫಿಲ್ಮ್ ಸರಬರಾಜುದಾರ, ಒತ್ತಿದ ಸಂಖ್ಯೆ, ಹಾಳಾದ ಸಂಖ್ಯೆ, ಕಾರಣ ಇಷ್ಟು ಅಂಕಣ ಸಾಕು. ಕಾರಣಗಳನ್ನು ಓರೆ, ಸುಟ್ಟ ಗುರುತು, ಅಂಟದಿರುವುದು, ಬಣ್ಣ ಏರಿರುವುದು, ಟೋಪಿಯದೇ ದೋಷ ಎಂದು ಐದಾಗಿ ವಿಂಗಡಿಸಬೇಕು. ಮೂರು ತಿಂಗಳು ಬರೆದರೆ ನಷ್ಟ ಎಲ್ಲಿಂದ ಬರುತ್ತಿದೆಯೆಂದು ತಿಳಿಯುತ್ತದೆ. ಓರೆಯಾದವು ಹೆಚ್ಚಿದ್ದರೆ ಕೆಲಸಗಾರನಿಗೆ ತರಬೇತಿ ಬೇಕು. ಅಂಟದವು ಹೆಚ್ಚಿದ್ದರೆ ಯಂತ್ರ ಅಥವಾ ಫಿಲ್ಮ್ ಬದಲಾಗಬೇಕು. ಈ ಅಂಕಿಗಳಿಲ್ಲದೆ ಹೊಸ ಯಂತ್ರಕ್ಕೆ ಹಣ ಹಾಕುವುದು ಸರಿಯಲ್ಲ.

ಗ್ರಾಹಕರು ತಾವೇ ಟೋಪಿ ಒದಗಿಸುವಾಗ, ಶೇಕಡಾ 2 ಅಥವಾ 3ರಷ್ಟು ಟೋಪಿಗಳನ್ನು ಹೆಚ್ಚಿಗೆ ಕೊಡಬೇಕು, ಆ ಮಿತಿಯೊಳಗಿನ ಹಾಳಿಗೆ ಮುದ್ರಕ ಹೊಣೆಯಲ್ಲ ಎಂಬ ಷರತ್ತನ್ನು ಆದೇಶದಲ್ಲಿಯೇ ಬರೆಸಿಕೊಳ್ಳಬೇಕು. ಮೇಲಿನ ಉದಾಹರಣೆಯಲ್ಲಿ ಶೇಕಡಾ 2ರ ಷರತ್ತಿನಿಂದ 20 ಟೋಪಿಗಳ ಬೆಲೆ ₹1,400 ಉಳಿಯುತ್ತದೆ.

ತೆರಿಗೆಯ ಕೆಲವು ಅಂಶಗಳು

ಸ್ವಂತ ಟೋಪಿ ಕೊಂಡು ಮುದ್ರಿಸಿ ಮಾರಿದರೆ ಅದು ಸರಕಿನ ಪೂರೈಕೆ. ಗ್ರಾಹಕರ ಟೋಪಿಯ ಮೇಲೆ ಮುದ್ರಿಸಿ ಕೊಟ್ಟರೆ ಜಿಎಸ್‌ಟಿ ಕಾಯಿದೆಯ ಪ್ರಕಾರ ಅದು ಸೇವೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವಾರ್ಷಿಕ ₹40 ಲಕ್ಷ ವಹಿವಾಟು. ಸೇವೆ ಒದಗಿಸುವವರಿಗೆ ₹20 ಲಕ್ಷ. ಮುದ್ರಣ ಕೂಲಿ ಪಡೆಯುವವರು ₹40 ಲಕ್ಷದ ಮಿತಿಯನ್ನು ನಂಬಿ ಕೂರಬಾರದು. ನೋಂದಾಯಿತ ಗ್ರಾಹಕರು ಜಾಬ್ ವರ್ಕಿಗಾಗಿ ಕಳುಹಿಸುವ ಟೋಪಿಗಳು ಡೆಲಿವರಿ ಚಲನ್‌ನೊಂದಿಗೆ ಬರಬೇಕು ಮತ್ತು ಒಂದು ವರ್ಷದೊಳಗೆ ಮರಳಬೇಕು.

₹45,000 ಯಂತ್ರಕ್ಕೆ ಶೇಕಡಾ 18ರಂತೆ ತೆರಿಗೆ ಬಿದ್ದರೆ ₹8,100. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದವರು ಇದನ್ನು ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆಯಬಹುದು. ಆದರೆ ಆ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ಪಡೆದರೆ ಜಮೆ ಸಿಗುವುದಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಜಮೆ ಇಲ್ಲ. ಅವರಿಗೆ ಯಂತ್ರದ ನಿಜವಾದ ಬೆಲೆ ₹53,100. ಆದಾಯ ತೆರಿಗೆಯಲ್ಲಿ ಯಂತ್ರದ ಸವಕಳಿ ಇಳಿಕೆ ಮೌಲ್ಯದ ಮೇಲೆ ಶೇಕಡಾ 15; ಖರೀದಿಯ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಯಂತ್ರಕ್ಕಾಗಿ ಒಬ್ಬರಿಗೆ ಒಂದೇ ದಿನ ₹10,000 ಮೀರಿ ನಗದು ಕೊಟ್ಟರೆ ಆ ಮೊತ್ತಕ್ಕೆ ಸವಕಳಿ ದೊರೆಯುವುದಿಲ್ಲ. ಆದ್ದರಿಂದ ಬ್ಯಾಂಕ್ ಮೂಲಕವೇ ಪಾವತಿಸಬೇಕು. ಸಾಲ ಬೇಕಾದವರಿಗೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ₹50,000ವರೆಗೆ ಅವಕಾಶವಿದೆ.

ಹಣ ವಸೂಲಿಯತ್ತಲೂ ಗಮನವಿರಬೇಕು. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆಯಂತೆ, ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಖರೀದಿದಾರರು ಹಣ ಪಾವತಿಸಬೇಕು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಮುದ್ರಿಸುವುದು ಇದಕ್ಕೆ ಸಹಾಯಕ.

ಒಟ್ಟಿನಲ್ಲಿ ಟೋಪಿ ಮುದ್ರಣ ಕಡಿಮೆ ಬಂಡವಾಳದ, ಕಡಿಮೆ ಲಾಭಾಂಶದ ಉದ್ಯೋಗ. ಟೋಪಿಯೊಂದಕ್ಕೆ ಆರು ರೂಪಾಯಿ ಉಳಿಯುವ ವ್ಯವಹಾರದಲ್ಲಿ ಎಂಬತ್ತು ರೂಪಾಯಿಯ ಹಾಳಿಗೆ ಹೆಚ್ಚು ಅವಕಾಶವಿಲ್ಲ. ಮುಂದಿನ ಆದೇಶ ಕೈಗೆತ್ತಿಕೊಳ್ಳುವ ಮೊದಲು ಕಳೆದ ಆದೇಶದಲ್ಲಿ ಹಾಳಾದ ಟೋಪಿಗಳನ್ನು ಎಣಿಸಿ, ಕಾರಣ ಬರೆದಿಟ್ಟುಕೊಳ್ಳುವ ಉದ್ಯಮಿಗೆ ಯಾವ ಯಂತ್ರ ಬೇಕು, ಯಾವ ದರ ಕೇಳಬೇಕು ಎಂಬೆರಡಕ್ಕೂ ಉತ್ತರ ಆ ಪುಸ್ತಕದಲ್ಲಿಯೇ ದೊರೆಯುತ್ತದೆ.